ಕೂರಲಾರದ ಹದಿನೇಳು ದಿನ

ಅದು ಮೂಲವ್ಯಾಧಿ ಇರಬಹುದಿತ್ತು. ಭಗಂದರ ಇರಬಹುದಿತ್ತು. ಕರುಳಿನ ಹುಣ್ಣು ಇರಬಹುದಿತ್ತು, ಹೊಟ್ಟೆಯ ಹುಳ ಇರಬಹುದಿತ್ತು, ನಮ್ಮ ದೊಡ್ಡಪ್ಪನನ್ನು ಮೂರೇ ತಿಂಗಳಲ್ಲಿ ಒಯ್ದ, ಮನೆಯಲ್ಲಿ ಇವತ್ತಿಗೂ ಹೆಸರೆತ್ತದೆ ‘ಆ ಬ್ಯಾನಿ’ ಎಂದಷ್ಟೇ ಅನ್ನುವ ರೋಗವೂ ಇರಬಹುದಿತ್ತು. ಒಂದು ಬೆಳಿಗ್ಗೆ ಪಾಯಖಾನೆಯಲ್ಲಿ ಗಾಜಿನ ಚೂರು ಇಳಿದಂತೆ ನೋವಾಗಿ, ಎರಡು ಹನಿ ಕೆಂಪು ರಕ್ತ ಕಂಡಿತು. ಕೈಕಾಲು ತೊಳೆದು ಹೊರಗೆ ಬರುವಷ್ಟರಲ್ಲಿ ನಾನು ಇವೆಲ್ಲವನ್ನೂ ಒಂದೊಂದಾಗಿ ಅನುಭವಿಸಿ, ಕೊನೆಯದರಲ್ಲಿ ತೀರಿಯೂ ಹೋಗಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ಅಷ್ಟು ವೇಗ. ಬೇರೆ ಯಾವ ಕೆಲಸದಲ್ಲೂ ಇಲ್ಲ.

ಆಗ ನನಗೆ ನಲವತ್ತಾರು. ಮನೆ ಹೂವಿನಹಡಗಲಿಯಲ್ಲಿ, ಮೇಷ್ಟರಿಕೆ ಹಿರೇಹಡಗಲಿಯಲ್ಲಿ, ನಡುವೆ ದಿನಾ ಬಸ್ಸು. ಕಲಿಸುತ್ತಿದ್ದುದು ವಿಜ್ಞಾನ. ಜೀರ್ಣಾಂಗಗಳ ಪಾಠವನ್ನು ಬಾಯಿಯಿಂದ ಹಿಡಿದು ದೊಡ್ಡ ಕರುಳಿನವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿ, ಅಲ್ಲಿಗೆ ಬಂದೊಡನೆ “ಉಳಿದದ್ದನ್ನ ಮನ್ಯಾಗ ಓದ್ಕೋರಿ” ಎಂದು ಡಸ್ಟರ್ ಎತ್ತಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಹೀಗೆ ಹೇಳಿದ ನಾನೂ ಅದನ್ನು ಓದಿಕೊಂಡಿರಲಿಲ್ಲವೆಂಬುದು ಈಗ ತಿಳಿಯಿತು. ನೋವು ಪಾಯಖಾನೆಯಲ್ಲೇ ಮುಗಿಯುತ್ತಿರಲಿಲ್ಲ. ಆಮೇಲೆ ಒಂದು ಗಂಟೆ, ಕೆಲವು ದಿನ ಎರಡು ಗಂಟೆ, ಮೆಣಸಿನಪುಡಿ ಹಚ್ಚಿದಂತೆ ಉರಿ. ಬಸ್ಸಿನಲ್ಲಿ ನಿಂತೆ, ತರಗತಿಯಲ್ಲಿ ನಿಂತೆ, ಸ್ಟಾಫ್ ರೂಮಿನಲ್ಲೂ ಕಿಟಕಿಯ ಹತ್ತಿರ ಗಾಳಿ ಚೆನ್ನಾಗಿದೆಯೆಂದು ನಿಂತೆ. ‘ಈ ಮೇಷ್ಟ್ರು ಕೂರೋದಿಲ್ಲ, ಭಾಳ ನಿಷ್ಠೆ’ ಎಂದು ಮಕ್ಕಳಲ್ಲಿ ಹೆಸರಾಯಿತು. ಇದ್ದ ಲಾಭ ಅದೊಂದೇ.

ಹಡಗಲಿಯಲ್ಲಿ ಡಾಕ್ಟರಿಲ್ಲವೆ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಅವರ ಕಾಂಪೌಂಡರ್ ನನ್ನ ಹಳೆಯ ವಿದ್ಯಾರ್ಥಿ, ಔಷಧಿ ಅಂಗಡಿಯವನು ಅವನ ತಮ್ಮ. ಬೆಳಿಗ್ಗೆ ನಾನು ಬಾಯಿ ಬಿಟ್ಟರೆ, ಸಂಜೆಯೊಳಗೆ ಮಲ್ಲಿಗೆ ಕಟ್ಟುವವರು ಮಾರು ಹೂವಿಗೊಂದರಂತೆ ಅದನ್ನೂ ಪೋಣಿಸಿರುತ್ತಾರೆ. ಹೃದಯದ ರೋಗವಾದರೆ ಅದಕ್ಕೊಂದು ಗೌರವವಿದೆ. ನೋಡಲು ಬಂದವರು ಎಳನೀರು ತರುತ್ತಾರೆ. ಇದಕ್ಕೆ ಏನು ತಂದಾರು?

ಹೀಗಾಗಿ ಯಾರಿಗೂ ಹೇಳಲಿಲ್ಲ, ಹೆಂಡತಿ ಗಿರಿಜೆಗೂ ಹೇಳಲಿಲ್ಲ. ಆದರೆ ಹೋಗುವವನಿಗೆ ಕೆಲವು ಜವಾಬ್ದಾರಿಗಳಿರುತ್ತವೆ. ಒಂದು ಭಾನುವಾರ ಅವಳನ್ನು ಮೀಟರ್ ಬೋರ್ಡಿನ ಮುಂದೆ ನಿಲ್ಲಿಸಿ, ಗಂಭೀರವಾಗಿ, ಫ್ಯೂಸ್ ಹೋದರೆ ತಂತಿ ಹೇಗೆ ಕಟ್ಟಬೇಕೆಂದು ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಹತ್ತು ವರ್ಷದಿಂದ ನಾನ ಕಟ್ಟಾಕತ್ತೀನ್ರಿ. ನೀವು ಟಾರ್ಚ್ ಹಿಡಕೊಂಡು ‘ಜೋಪಾನ ಜೋಪಾನ’ ಅಂತೀರಿ, ಅಷ್ಟ.” ಆಮೇಲೆ ನನ್ನ ಮುಖವನ್ನೇ ನೋಡಿ, “ಏನಾಗೈತಿ ನಿಮಗ?” ಎಂದಳು.

“ಏನಿಲ್ಲ.”

“ಏನಿಲ್ಲಂದ್ರ ಊಟಕ್ಕ ಯಾಕ ನಿಂತೀರಿ? ಮದುವಿ ಮನ್ಯಾಗ ಬಡಿಸೋರಂಗ!”

ಹೇಳಿದೆ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಲೇ ಕೇಳುತ್ತಿದ್ದ ಅವಳ ಕೈಯಲ್ಲಿನ ಲಟ್ಟಣಿಗೆ, ‘ಆ ಬ್ಯಾನಿ’ ಎಂಬಲ್ಲಿಗೆ ಬಂದಾಗ ನಿಂತಿತು. “ನಾಳಿಗೆ ಹೋಗ್ರಿ. ಇಲ್ಲಿ ನಾಚಿಕಿ ಆದ್ರ ಹರಪನಹಳ್ಳಿಗೆ ಹೋಗ್ರಿ. ತೋರ್ಸಲಾರ್ದ ಮನಿಗೆ ಬರಬ್ಯಾಡ್ರಿ,” ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು, ಆದರೆ ಆ ದಿನ ಹೆಂಚಿನ ಮೇಲಿನ ಚಪಾತಿ ಸೀದುಹೋಯಿತು. ಅವಳ ಕೈಯಲ್ಲಿ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹೆಡ್‌ಮಾಸ್ಟರ್ ಕೊಟ್ರಬಸಪ್ಪನವರಿಗೆ ಅವತ್ತೇ ಸಂಜೆ ಅವರ ಮನೆಗೆ ಹೋಗಿ ‘ಮಾವನ ಮನೆಯಲ್ಲಿ ಕಾರ್ಯ’ ಎಂದು ರಜೆಚೀಟಿ ಕೊಟ್ಟೆ. “ಹೋಗಿ ಬರ್ರಿ, ನಾನೂ ಬಳ್ಳಾರಿಗೆ ಮೀಟಿಂಗಿಗೆ ಹೊಂಟೀನಿ,” ಎಂದು ಸಹಿ ಹಾಕಿದರು. ನಿಂತೇ ಹಾಕಿದರು. ನಾನು ಗಮನಿಸಬೇಕಿತ್ತು.

ಹದಿನೇಳನೆಯ ದಿನ ಹರಪನಹಳ್ಳಿಯ ಒಬ್ಬ ಡಾಕ್ಟರ ಶಾಪಿನಲ್ಲಿ ಮೂರು ಬೆಂಚು ಖಾಲಿ ಇದ್ದವು. ಗೋಡೆಗೆ ಒರಗಿ ಆರು ಜನ ನಿಂತಿದ್ದರು. ಆರನೆಯವರು ಕೊಟ್ರಬಸಪ್ಪನವರು. ಒಬ್ಬರನ್ನೊಬ್ಬರು ನೋಡಿದೆವು. ಓಡಿಹೋಗುವಷ್ಟು ಇಬ್ಬರಿಗೂ ತ್ರಾಣವಿರಲಿಲ್ಲ.

“ಮೀಟಿಂಗ್ ಇಲ್ಲಿಗೆ ಬಂತೇನ್ರಿ ಸರ?” ಎಂದೆ.

“ಇದು ನಿಮ್ಮ ಮಾವನ ಮನಿ ಏನು?” ಎಂದರು.

ಅಷ್ಟರಲ್ಲಿ ಚೀಟಿ ಬರೆಯುವ ನರ್ಸಮ್ಮ ತಲೆಯೆತ್ತದೆ, “ಹಡಗಲಿಯೋರಾ? ಹೆಸ್ರು ಹೇಳಿ. ಈ ಕಾಯಿಲೆಗೆ ನಿಮ್ಮೂರೋರೆಲ್ಲ ಇಲ್ಲಿಗೇ ಬರೋದು. ನಮ್ಮೂರೋರು ಕೊಟ್ಟೂರಿಗೆ ಹೋಗ್ತಾರೆ, ಕೊಟ್ಟೂರೋರು ನಿಮ್ಮ ಹಡಗಲಿಗೆ,” ಎಂದು ಗಟ್ಟಿಯಾಗಿ ಹೇಳಿದಳು. ಗೋಡೆಗೆ ಒರಗಿದ್ದವರೆಲ್ಲ ಕ್ಯಾಲೆಂಡರ್ ನೋಡತೊಡಗಿದರು.

ಡಾಕ್ಟರು ಮಗ್ಗುಲಾಗಿ ಮಲಗಿಸಿ, ಗೋಡೆ ನೋಡಲು ಹೇಳಿ, ನಿಮಿಷದಲ್ಲಿ ಮುಗಿಸಿದರು. ನಾನು ಪ್ಯಾಂಟು ಸರಿಮಾಡಿಕೊಳ್ಳುತ್ತಲೇ, ಹದಿನೇಳು ದಿನ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿದೆ: “ಕ್ಯಾನ್ಸರ್ರೇನ್ರಿ?”

“ಅಲ್ರೀ. ಸೀಳು. ಫಿಷರ್ ಅಂತೀವಿ. ಗುದದ್ವಾರದ ಒಳಚರ್ಮ ಒಂದು ಜೋಳದ ಕಾಳಷ್ಟು ಹರಿದೈತೆ. ಅಷ್ಟೇ.”

“ಮೂಲವ್ಯಾಧಿ?”

“ಅದೂ ಅಲ್ಲ. ಅದರಲ್ಲಿ ರಕ್ತ ಹೋಗುತ್ತೆ, ಸಾಮಾನ್ಯವಾಗಿ ಇಷ್ಟು ನೋವಿರಲ್ಲ. ಇದು ಕೊಯ್ದಂಗೆ ನೋಯುತ್ತೆ. ಒಣಗಿ ಗಟ್ಟಿಯಾಗಿದ್ದು ಹೋಗ್ತಾ ಚರ್ಮ ಹರಿಯುತ್ತೆ. ನೋವಿಗೆ ಹೆದರಿ ಮರುದಿನ ನೀವು ತಡೀತೀರಿ. ತಡೆದಷ್ಟೂ ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ಮತ್ತೆ ಹರಿಯುತ್ತೆ.” ಮುಲಾಮು ಬರೆದುಕೊಟ್ಟರು. ಸೊಪ್ಪು ತಿನ್ನಿ, ಬೆಚ್ಚನೆಯ ನೀರಿನ ಟಬ್ಬಿನಲ್ಲಿ ದಿನಕ್ಕೆರಡು ಸಲ ಕೂರಿ, ತಿಣುಕಬೇಡಿ, ಒಂದೂವರೆ ತಿಂಗಳಾದರೂ ಮಾಯದಿದ್ದರೆ, ಕಪ್ಪು ರಕ್ತ ಕಂಡರೆ, ತೂಕ ಇಳಿದರೆ ನಾಚದೆ ಬನ್ನಿ ಎಂದರು. “ನೀರು ಎಷ್ಟು ಕುಡೀತೀರಿ?”

“ಬೆಳಿಗ್ಗೆ ಕುಡಿಯಂಗಿಲ್ರಿ. ದಾರ್‍ಯಾಗ ಅವಸರ ಆದ್ರ ಬಸ್ ನಿಲ್ಸಂಗಿಲ್ಲ. ಸಾಲ್ಯಾಗ ಪಾಯಖಾನಿಗೆ ನೀರಿಲ್ಲ. ಸಂಜಿಕ ಒಗ್ಗರಣಿ ಮಂಡಕ್ಕಿ-ಮಿರ್ಚಿ ತಿಂದಾಗ ಒಂದು ಗ್ಲಾಸು.”

“ಬೆಳಿಗ್ಗೆ ಮನೇಲಿ ಆರಾಮಾಗಿ ಹೋಗಿ ಬರಬಹುದಲ್ಲ?”

“ಬಸ್ ತಪ್ಪತೈತ್ರಿ.”

“ಇಲ್ಲೀತನಕ ಎಷ್ಟು ಸಲ ತಪ್ಪೈತೆ?”

ಲೆಕ್ಕ ಹಾಕಿದೆ. “ಒಂದು ಸಲಾನೂ ಇಲ್ರಿ.” ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ಮನೆಗೆ ಬಂದು ಹೇಳಿದಾಗ ಗಿರಿಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಮುಗಿದ ಕೂಡಲೇ, “ಜ್ವಾಳದ ಕಾಳಷ್ಟಕ್ಕ ನನಗ ಫ್ಯೂಸ್ ಕಟ್ಟೋದು ಕಲಿಸಾಕ ಬಂದಿದ್ರೇನು?” ಎಂದು ನೀರು ಕಾಯಿಸಲು ಎದ್ದಳು. ಮರುದಿನ ಬೆಳಿಗ್ಗೆ ಎರಡು ತಂಬಿಗೆ ನೀರು ಕುಡಿಸಿ, “ಹೊಟ್ಟಿ ಕರದಾಗ ಹೋಗ್ರಿ, ಗಡಿಯಾರ ನೋಡಬ್ಯಾಡ್ರಿ,” ಎಂದು ನನ್ನ ವಾಚು ಬಿಚ್ಚಿಸಿಕೊಂಡಳು. ನಾನು ಕರೆ ಬರುವವರೆಗೆ ಕಾದೆ, ಅವಸರವಿಲ್ಲದೆ ಕೂತೆ, ಎದ್ದು, ಬಟ್ಟೆ ಹಾಕಿಕೊಂಡು, ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸು ಹೋಗಿಬಿಟ್ಟಿತ್ತು. ಇಪ್ಪತ್ತು ವರ್ಷ ನಾನು ಯಾವುದಕ್ಕೆ ಹೆದರಿ ನೀರು ಬಿಟ್ಟು ಚರ್ಮ ಹರಿದುಕೊಂಡಿದ್ದೆನೋ ಅದು ಕಡೆಗೂ ನಡೆದೇಹೋಯಿತು. ಇನ್ನೇನು ಅನಾಹುತವಾಗುತ್ತದೋ ಎಂದು ಕಾಯುತ್ತ ಕಂಬ ಹಿಡಿದು ನಿಂತೆ. ಹದಿನೈದು ನಿಮಿಷಕ್ಕೆ ಇನ್ನೊಂದು ಬಸ್ಸು ಬಂತು.