ಆರು ತಿಂಗಳಿಗೊಮ್ಮೆ ಆಯಿಲ್

ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ದಯಾನಂದ ಮೂರನೇ ಅಕ್ಕಿರೊಟ್ಟಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹಾಸನದಿಂದ ಎಸ್ಟೇಟಿನ ಒಡತಿ ರಾಜಲಕ್ಷ್ಮಮ್ಮ.

“ದಯಾನಂದ, ಹನ್ನೆರಡು ಗಂಟೆಗೆ ಬರ್ತೀನಿ. ಕಾರು ನೋಡ್ಬೇಕು. ಆಯಿಲ್ ಬದಲಾಯಿಸಿದ್ದೀಯ ತಾನೆ?”

“ಅಯ್ಯೋ, ಆರು ತಿಂಗಳಿಗೊಂದ್ಸಲ ತಪ್ಪದೆ ಅಮ್ಮಾ. ಕಾರ್ಡಲ್ಲಿ ತಾರೀಖೇ ಬರೆದಿದ್ದೀನಿ.”

“ಸಂತೋಷ. ಕೆ. ಹೊಸಕೋಟೆ ತೋಟಕ್ಕೆ ಮ್ಯಾನೇಜರ್ ಬೇಕು. ಆ ಮಾತನ್ನೂ ಇವತ್ತೇ ಮುಗಿಸೋಣ.”

ದಯಾನಂದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಹೆಂಡತಿ ಸ್ನೇಹಾ ಮಾತ್ರ ‘ಮ್ಯಾನೇಜರ್’ ಎಂಬ ಒಂದೇ ಶಬ್ದವನ್ನು ಕೇಳಿಸಿಕೊಂಡು, ಕಾವಲಿಯನ್ನು ಒಲೆಯ ಮೇಲೇ ಬಿಟ್ಟು, ಪಕ್ಕದ ಮನೆಯ ಇಂದ್ರಮ್ಮನಿಗೆ ಹೇಳಲು ಓಡಿದಳು. ಒಳ್ಳೆಯ ಸುದ್ದಿಯನ್ನು ಬಿಸಿಬಿಸಿಯಾಗಿ ಬಡಿಸದಿದ್ದರೆ ಆಕೆಗೆ ನಿದ್ದೆ ಬರುವುದಿಲ್ಲ.

ಆ ಕಾರಿನ ವಿಚಾರ ಹೇಳಿಬಿಡಬೇಕು. ರಾಜಲಕ್ಷ್ಮಮ್ಮನ ಗಂಡ ಪ್ರಾಯದಲ್ಲಿ ಆಸೆಪಟ್ಟು ಕೊಂಡಿದ್ದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ಅವರು ತೀರಿಕೊಂಡ ಮೇಲೆ ಹೊಂಗಡಹಳ್ಳದ ಹತ್ತಿರದ ಈ ಎಸ್ಟೇಟಿನ ಶೆಡ್ಡಿನಲ್ಲಿ ನಿಂತಿತ್ತು. ವರ್ಷಕ್ಕೊಮ್ಮೆ ದೀಪಾವಳಿಗೆ ಅಮ್ಮಾವ್ರು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಗೇಟಿನವರೆಗೆ ಓಡಿಸಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಎಂಟು ಡಬ್ಬ ಹೊಸ ಆಯಿಲ್ ತಂದಿಟ್ಟು, “ಹಳೇ ಗಾಡಿ. ಒಳಗಿರೋದು ಯಜಮಾನರ ಕಾಲದ ಎಣ್ಣೆ, ಕಾಡಿಗೆ ಆಗಿದೆ. ಇನ್ನು ಮೇಲೆ ಓಡಲಿ, ಬಿಡಲಿ, ಆರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು” ಎಂದು ದಯಾನಂದನಿಗೆ ವಹಿಸಿ, ಸ್ಟೀರಿಂಗಿಗೆ ಒಂದು ಕಾರ್ಡು ಕಟ್ಟಿ ಹೋಗಿದ್ದರು.

ಮೊದಲ ಸಲ ದಯಾನಂದ ನಿಜವಾಗಿಯೂ ಕಾರಿನ ಅಡಿಗೆ ತೂರಿದ್ದ. ಕಾರು ಮೊದಲೇ ಕುಳ್ಳು, ದಯಾನಂದನ ಹೊಟ್ಟೆಯೋ ಎಸ್ಟೇಟಿನ ಊಟ ಕಂಡದ್ದು. ಎರಡರ ನಡುವೆ ಮನುಷ್ಯ ಸಿಕ್ಕಿಕೊಂಡ. ಜೀಪ್ ಡ್ರೈವರ್ ಧರ್ಮ ಎರಡೂ ಕಾಲು ಹಿಡಿದು ಎಳೆದಾಗ ರೈಟರು ಹೊರಗೆ ಬಂದರು, ಪಂಚೆ ಒಳಗೇ ಉಳಿಯಿತು. ಕಾಫಿ ಕುಯ್ಯಲು ಹೊರಟಿದ್ದ ಹೆಂಗಸರು ಬುಟ್ಟಿ ಸಮೇತ ನಿಂತು ನೋಡಿದರು. ಧರ್ಮ ಆ ಕತೆಯನ್ನು ಹೊಂಗಡಹಳ್ಳದ ಹೋಟೆಲಿನವರೆಗೂ ಹಂಚಿದ. ಅಂದಿನಿಂದ ದಯಾನಂದ ಅಡಿಗೆ ಹೋಗಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಆರು ತಿಂಗಳಿಗೊಮ್ಮೆ ಶೆಡ್ಡಿಗೆ ಹೋಗಿ, ಸೀಟಿನಲ್ಲಿ ಗಂಭೀರವಾಗಿ ಕೂತು, ಕಾರ್ಡಿನಲ್ಲಿ ತಾರೀಖು ಬರೆದು ಬರುತ್ತಿದ್ದ. ಬರೆದ ಪ್ರತಿ ಸಲವೂ ಎರಡು ದಿನ ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ. ಮೂರನೇ ದಿನ ಸೇರುತ್ತಿತ್ತು.

ಈಗ ಬೇರೆ ದಾರಿಯಿರಲಿಲ್ಲ. ಧರ್ಮನನ್ನು ಕಾಫಿ ಕಣದ ಮೂಲೆಗೆ ಕರೆದ.

“ಧರ್ಮ, ಆಯಿಲ್ ಬದಲಾಯಿಸ್ಕೊಡೋ ಮಾರಾಯ. ನಾಲ್ಕು ವರ್ಷದಿಂದ ಮಾಡಿಲ್ಲ. ನಿನ್ನ ದಮ್ಮಯ್ಯ, ಯಾರಿಗೂ ಹೇಳ್ಬೇಡ.”

“ಛೆ ಛೆ, ನಾನ್ಯಾಕ್ ಹೇಳ್ಲಿ ರೈಟ್ರೇ!” ಎಂದ ಧರ್ಮ, ಆಳುಗಳ ಲೈನ್ ಮನೆಗಳ ಕಡೆ ತಿರುಗಿ ಕೂಗಿದ. “ಇಂದ್ರಮ್ಮಕ್ಕೋ! ರೈಟ್ರು ನಾಲ್ಕು ವರ್ಸದ ಕರೀ ಆಯಿಲ್ ತೆಗಿಸ್ತಾವ್ರೆ! ಗೆದ್ದಲಿಗೆ ಯಾರ್ಗ್ ಬೇಕೋ ಬನ್ನಿ!”

ಸುಟ್ಟ ಆಯಿಲ್ ಎಂದರೆ ಇಲ್ಲಿ ಬಂಗಾರ. ಬೇಲಿಗೂಟಕ್ಕೆ, ಮನೆಯ ತೊಲೆಗೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಐದೇ ನಿಮಿಷದಲ್ಲಿ ಬಾಟಲಿ, ಕೊಡಪಾನ, ಹಳೇ ಪೊರಕೆ ಹಿಡಿದು ಹದಿನೈದು ಜನ ಶೆಡ್ಡಿನ ಮುಂದೆ ಸೇರಿದರು. ಬಂದವರೆಲ್ಲ ದಯಾನಂದನನ್ನು ನೋಡಿ ನಕ್ಕರು. ಬರದೇ ಇದ್ದವನು ಒಬ್ಬನೇ, ವಾಚ್‌ಮನ್ ಹುಚ್ಚಣ್ಣ. ಅವನು ಸಂಬಂಧಿಕರ ಮನೆಗೆ ಹೋಗಿದ್ದ. ಅವನ ಬೇಲಿಗಂತೂ ಅದ್ಯಾಕೋ ಗೆದ್ದಲೇ ಹಿಡಿಯುತ್ತಿರಲಿಲ್ಲ.

“ಕಾರ್ಡಲ್ಲಿ ಎಂಟು ತಾರೀಖೈತೆ, ಎಣ್ಣೆ ಮಾತ್ರ ಹಂಗೇ ಐತೆ ಅನ್ನಿ!” ಎಂದಳು ಇಂದ್ರಮ್ಮ. “ನಮ್ ಸ್ನೇಹಾ ಬೆಳಗ್ಗಿಂದ ಮ್ಯಾನೇಜರ್ ಮ್ಯಾನೇಜರ್ ಅಂತ ಕುಣೀತಾವ್ಳೆ, ಪಾಪ.”

ದಯಾನಂದನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರಿಗೂ ಕೈಮುಗಿದ. “ನಿಮಗೆ ಪುಣ್ಯ ಬರ್ತದೆ. ಅಮ್ಮಾವ್ರು ಬಂದಾಗ ಯಾರೂ ಉಸಿರೆತ್ತಬೇಡಿ.” ನಗುತ್ತಲೇ ಎಲ್ಲರೂ ‘ಆಯ್ತು’ ಎಂದು ಮಾತು ಕೊಟ್ಟರು.

“ಮೊದ್ಲು ಇಂಜಿನ್ನಿನ ಅಳತೆಕಡ್ಡಿ ಎಳೆದು ಎಣ್ಣೆ ನೋಡೋಣ್ವಾ?” ಎಂದ ದಯಾನಂದ, ತನಗೂ ಸ್ವಲ್ಪ ಗೊತ್ತಿದೆ ಎಂದು ತೋರಿಸಲು.

“ನಾಲ್ಕು ವರ್ಸ ಆದ್ಮೇಲೆ ಏನ್ ನೋಡೋದು? ಹೆಣಕ್ಕೆ ಯಾರಾರ ನಾಡಿ ಹಿಡೀತಾರಾ?” ಎಂದು ಧರ್ಮ ಬಾಂಡ್ಲಿ ಹಿಡಿದು ಸರ್ರನೆ ಅಡಿಗೆ ನುಗ್ಗಿ ನಟ್ಟು ಬಿಚ್ಚಿದ.

ಅಷ್ಟರಲ್ಲಿ ರಾಮಯ್ಯ ಬಂದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಊರಿನಲ್ಲಿ ಯಾರ ಗಾಡಿ ಕೆಮ್ಮಿದರೂ ಹಾಜರು.

“ಅಲ್ಲಯ್ಯಾ, ನಾಲ್ಕು ವರ್ಷ ಹಂಗೇ ಬಿಟ್ಟಿದ್ದಾ? ಥೂ, ನಾಚ್ಕೆ ಆಗ್ಬೇಕು!”

“ಆಗ್ತಾ ಐತೆ,” ಎಂದ ದಯಾನಂದ.

ಅಡಿಯಿಂದ ಧರ್ಮನ ದನಿ ಬಂತು. “ಎಂಥದ್ದೂ ಆಗಿಲ್ಲ ಬುಡಿ. ಐದ್ಸಾವಿರ ಕಿಲೋಮೀಟ್ರಿಗೆ ಒಂದ್ಸಲ ಆಯಿಲು. ಇದು ನಾಲ್ಕು ವರ್ಸಕ್ಕೆ ನಾಲ್ಕು ಕಿಲೋಮೀಟ್ರೂ ಓಡಿಲ್ಲ. ಲೆಕ್ಕ ಹಾಕುದ್ರೆ ನಮ್ ಮರಿಮೊಮ್ಮಕ್ಕಳ ಕಾಲಕ್ಕೆ ಚೇಂಜು!”

“ಹಳೇ ಗಾಡೀಗೆ ಕಿಲೋಮೀಟ್ರಲ್ಲ ಕಣೋ ಲೆಕ್ಕ, ತಿಂಗಳು! ನಿಂತ ಇಂಜಿನ್ನು ಒಳಗೊಳಗೇ ಬೆವರ್ತದೆ. ಆ ನೀರು ಎಣ್ಣೆಗೆ ಸೇರಿ ಕಬ್ಣ ತಿಂತದೆ.”

“ಜೀಪು ಓಡ್ಸೋನು ನಾನಾ ನೀವಾ?”

“ಬಸ್ಸು ಬಿಚ್ಚಿದೋನು ನಾನಾ ನೀನಾ?”

“ಹಪ್ಪಳ ಕರಿದ ಎಣ್ಣೆ ಎರಡೇ ಸಲಕ್ಕೆ ಕೆಟ್ಟೋಯ್ತದೆ. ತಿಂಗಳಿಗೊಂದ್ಸಲ ತೆಗಿಸ್ಬೇಕಪ್ಪ,” ಎಂದು ಇಂದ್ರಮ್ಮ ತೀರ್ಪು ಕೊಟ್ಟಳು. ಅವಳ ಮನೆಯಲ್ಲಿ ಹನ್ನೊಂದು ತೊಲೆಗಳಿದ್ದವು, ಅವಳಿಗೆ ತಿಂಗಳಿಗೊಂದು ಸಲವೂ ಸಾಲದು.

ಧರ್ಮ ತುಂಬಿದ ಬಾಂಡ್ಲಿಯನ್ನು ಎಳೆದುಕೊಂಡು ಹೊರಗೆ ಬಂದ. ಜನ ಬಾಟಲಿ ಹಿಡಿದು ಮುಗಿಬಿದ್ದರು. ಬಿದ್ದವರು ಹಾಗೇ ನಿಂತರು.

ಎಣ್ಣೆ ಜೇನುತುಪ್ಪದ ಹಾಗೆ ತಿಳಿಯಾಗಿತ್ತು.

ರಾಮಯ್ಯ ಬೆರಳು ಅದ್ದಿ, ಉಜ್ಜಿ, ಮೂಸಿ ನೋಡಿದ. “ಇದು ನಾಲ್ಕು ವರ್ಷದ್ದಲ್ಲ. ಹಾಕಿ ನಾಲ್ಕು ವಾರ ಆಗಿಲ್ಲ. ನಾನ್ ಹೇಳಿದ್ದೇ ಸರಿ, ತಿಂಗಳ ಲೆಕ್ಕದಲ್ಲಿ ಯಾರೋ ಬದಲಾಯಿಸವ್ರೆ!”

“ಓಡ್ದೇ ಇರೋದ್ರಿಂದ ಕೆಟ್ಟಿಲ್ಲ. ನಾನ್ ಹೇಳಿದ್ದೇ ಸರಿ!” ಎಂದು ಧರ್ಮ ಕೈ ಬೀಸಿದ. ರಾಮಯ್ಯ ಅವನ ಭುಜ ತಳ್ಳಿದ. ಧರ್ಮನ ಕಾಲು ಬಾಂಡ್ಲಿಯ ಅಂಚಿನ ಮೇಲೆ ಬಿತ್ತು. ಅಷ್ಟೂ ಎಣ್ಣೆ ಮಣ್ಣು ಪಾಲಾಯಿತು.

“ಹೋಗ್ಲಿ ಬುಡಿ, ಹೊಸಾದು ಹುಯ್ಯಾನ,” ಎಂದ ಧರ್ಮ.

ದಯಾನಂದ ಶೆಡ್ಡಿನ ಹಿಂದಿನ ಪೆಟ್ಟಿಗೆ ತೆರೆದ. ಎಂಟು ಡಬ್ಬಗಳೂ ಸಾಲಾಗಿ ಇದ್ದವು. ಒಂದನ್ನು ಎತ್ತಿದ, ಹಗುರ. ಇನ್ನೊಂದು, ಹಗುರ. ಎಂಟೂ ಖಾಲಿ.

ಗೇಟಿನ ಹತ್ತಿರ ಹಾರನ್ ಕೇಳಿಸಿತು. ಇನ್ನೂ ಹನ್ನೊಂದು ಗಂಟೆ. ಅಮ್ಮಾವ್ರ ಕಾರಿನ ಹಿಂದೆಯೇ ಚೀಲ ಹೆಗಲಿಗೇರಿಸಿಕೊಂಡು ಹುಚ್ಚಣ್ಣನೂ ನಡೆದು ಬರುತ್ತಿದ್ದ.

ರಾಜಲಕ್ಷ್ಮಮ್ಮ ಇಳಿದವರೇ ಸೀದಾ ಕೆಂಪು ಕಾರಿಗೆ ಹೋಗಿ ಕೂತರು. ಕಾರ್ಡು ತಿರುಗಿಸಿ ನೋಡಿ ಮುಖ ಅರಳಿಸಿದರು. “ದಯಾನಂದ, ಒಂದು ಮಾತು ಹೇಳ್ತೀನಿ. ಹೋದ ದೀಪಾವಳಿಗೆ ಬಂದಾಗ, ನೀನು ಸ್ಟೋರಿಗೆ ಹೋಗಿದ್ದೆ. ನಾನು ಸುಮ್ಮನೆ ಕಡ್ಡಿ ಎಳೆದು ನೋಡಿದೆ. ಎಣ್ಣೆ ಫಳಫಳ ಅಂತಿತ್ತು. ಯಾರೂ ನೋಡದ ಕೆಲಸವನ್ನ ಇಷ್ಟು ನಿಯತ್ತಾಗಿ ಮಾಡೋನು ಬೇರೆ ಕೆಲಸ ಹೇಗೆ ಮಾಡ್ತಾನೆ ಅಂತ ಅವತ್ತೇ ತೀರ್ಮಾನ ಮಾಡಿದೆ. ಹೊಸಕೋಟೆ ತೋಟ ನಿನ್ನದೇ ಉಸ್ತುವಾರಿ.”

ಹದಿನೈದು ಜನ, ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದವರು, ಆ ಗಳಿಗೆಯಲ್ಲಿ ಕೊಟ್ಟ ಮಾತು ಉಳಿಸಿಕೊಂಡು ಉಸಿರು ಬಿಗಿಹಿಡಿದು ನಿಂತರು. ಎಲ್ಲರ ಕಣ್ಣೂ ದಯಾನಂದನ ಮೇಲೆ. ಸುಮ್ಮನಿದ್ದರೆ ಸಾಕಿತ್ತು.

ಅಮ್ಮಾವ್ರು ಕೀಲಿ ಹಾಕಿದರು.

“ತಿರುಗಿಸ್ಬೇಡಿ ಅಮ್ಮಾ!” ಎಂದು ದಯಾನಂದ ಕಿರುಚಿದ. “ಒಳಗೆ ಒಂದು ತೊಟ್ಟೂ ಆಯಿಲಿಲ್ಲ. ಇಂಜಿನ್ ಹಿಡ್ಕೊಂಡುಬಿಡ್ತದೆ!”

ಆಮೇಲೆ ಎಲ್ಲವೂ ಬಾಯಿಂದ ಬಂತು. ಪಂಚೆಯ ವಿಚಾರವೂ ಬಂತು. ತಲೆ ತಗ್ಗಿಸಿ ನಿಂತವನ ಮುಖ ಕಿವಿಯವರೆಗೂ ಕೆಂಪೇರಿತ್ತು. “ಕಾರ್ಡಲ್ಲಿರೋದು ಒಂದೂ ನಿಜ ಅಲ್ಲ ಅಮ್ಮಾ. ಬದಲಾಯಿಸಿದ್ದು ಯಾರೋ ನಂಗೊತ್ತಿಲ್ಲ.”

ಹುಚ್ಚಣ್ಣ ಚೀಲ ಕೆಳಗಿಟ್ಟು ಮುಂದೆ ಬಂದ. “ತಪ್ಪಾಯ್ತು ಅಮ್ಮಾವ್ರೇ. ನಾನೇ. ಬೇಲಿಗೂಟಕ್ಕೆ ಅಂತ ಹಳೇ ಆಯಿಲ್ ಕದ್ಕತಿದ್ದೆ. ರೈಟ್ರು ಆರು ತಿಂಗಳಿಗೊಂದ್ಸಲ ಬಂದು, ಸೀಟಲ್ಲಿ ಕೂತು, ಎಲ್ಲಾ ಚೆಕ್ ಮಾಡಿ ಬರ್ಕಂಡೋಯ್ತಾರಲ್ಲ, ಖಾಲಿ ಬುಟ್ರೆ ಸಿಕ್ಕಾಕ್ಕತೀನಿ ಅಂತ ಹೆದ್ರಿ ಪ್ರತಿ ಸಲ್ವೂ ಹೊಸಾದು ಹುಯ್ದು ಬುಟ್ಟೆ.”

ರಾಜಲಕ್ಷ್ಮಮ್ಮ ಕೀಲಿ ತೆಗೆದು, ಕಾರಿನಿಂದ ಇಳಿದು ಹುಚ್ಚಣ್ಣನ ಕಡೆ ತಿರುಗಿದರು.

“ಕದಿಯೋವಾಗ್ಲೂ ಕೆಲಸ ಪೂರ್ತಿ ಮಾಡಿದ್ದೀಯಲ್ಲೋ! ಹೊಸಕೋಟೆಗೆ ನೀನೇ ಹೋಗು ಹುಚ್ಚಣ್ಣ.”

“ನಂಗೆ ಓದು ಬರಹ ಬರಾಕಿಲ್ಲ ಅಮ್ಮಾವ್ರೇ.”

“ಬರೆಯೋಕೆ ದಯಾನಂದನ್ನ ಕರ್ಕೊಂಡು ಹೋಗು. ಅವನು ಬರೆಯೋದರಲ್ಲಿ ಗಟ್ಟಿಗ. ಆದರೆ ನೀನು ಕಣ್ಣಾರೆ ನೋಡದೆ ಒಂದಕ್ಷರ ಬರೆಯೋಕೆ ಬಿಡ್ಬೇಡ.”

ಜನ ಬಿಗಿಹಿಡಿದಿದ್ದ ಉಸಿರು ಒಟ್ಟಿಗೇ ನಗುವಾಗಿ ಹೊರಗೆ ಬಂತು. ದಯಾನಂದ ಯಾರ ಮುಖವನ್ನೂ ನೋಡದೆ ಮನೆಯ ಕಡೆ ಹೊರಟ. ಬಾಗಿಲಲ್ಲೇ ಸ್ನೇಹಾ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು.

“ಏನಾಯ್ತೂರೀ? ಹೊಸಕೋಟೆಗೆ ಹೋಗೋದು ಗಟ್ಟಿಯಾಯ್ತಾ?”

“ಆಯ್ತು,” ಎಂದ ದಯಾನಂದ.

“ನಂಗೊತ್ತಿತ್ತು! ಮ್ಯಾನೇಜರ್ ಹೆಂಡ್ತಿ ಅಂದ್ರೆ ಇನ್ನು ಬಸ್ಸಲ್ಲಿ ಓಡಾಡೋಕಾಗತ್ತಾ?”

ಹಿಂದೆಯೇ ಓಡಿ ಬಂದಿದ್ದ ಹುಚ್ಚಣ್ಣ ತಲೆಯ ಟವೆಲ್ ತೆಗೆದು ಕಂಕುಳಿಗೆ ಸಿಕ್ಕಿಸಿ, ವಿನಯದಿಂದ ಕೈಮುಗಿದ.

“ನೀವೇನೂ ಯೋಚ್ನೆ ಮಾಡ್ಬ್ಯಾಡಿ ಕಣ್ರವ್ವಾ. ರೈಟ್ರನ್ನ ನಾನು ಚೆನ್ನಾಗೇ ನೋಡ್ಕತೀನಿ.”