ಹಿಡಿಯಿಲ್ಲದ ಟೀ ಬಟ್ಟಲುಗಳ ಗತಿ

ಕುಂಬಾರನ ಮಗನಾಗಿ ಹುಟ್ಟಿ, ಮದರಾಸಿಗೆ ಹೋಗಿ ಜಪಾನೀ ಪದ್ಧತಿಯ ಟೀ ಬಟ್ಟಲು ಮಾಡಲು ಕಲಿತು, ಮತ್ತೆ ರಾಯದುರ್ಗಕ್ಕೇ ಬಂದು ಕೂತವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಒಡೆದದ್ದು ಅವರ ಬಟ್ಟಲಲ್ಲವಲ್ಲ!

ಅದು ಬಿಳೀ ದೊರೆಗಳ ಕಾಲ. ಟೀ ಪ್ರಚಾರದವರು ಗಾಡಿ ಕಟ್ಟಿಕೊಂಡು ಬಂದು ಪುಕ್ಕಟೆ ಟೀ ಕುಡಿಸಿ ಊರಿಗೆಲ್ಲ ರುಚಿ ಹತ್ತಿಸಿದ್ದರು. ಜಪಾನಿನಲ್ಲಿ ಪಳಗಿ ಬಂದ ನಮ್ಮ ಮೇಷ್ಟರು ಮದರಾಸಿನಲ್ಲಿ ಕಲಿಸಿದ್ದು ಚಕ್ರವಿಲ್ಲದೆ, ಅಂಗೈಯಲ್ಲೇ ಒತ್ತಿ ಒತ್ತಿ ಮಾಡುವ ಬಟ್ಟಲು. ಹಿಡಿ ಇಲ್ಲ. ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಕುಡಿಯಬೇಕು. ಟೀ ಬಂದ ಊರಿಗೆ ಬಟ್ಟಲು ಬೇಡವೇ ಅಂತ ನನ್ನ ಲೆಕ್ಕ. ಅಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿದ: "ಬರೋ ಯುಗಾದಿತನಕ ನೋಡ್ತೀನಿ. ನಿನ್ನ ಬಟ್ಲ ಒಯ್ದ ಒಬ್ಬನಾದ್ರೂ ಎರಡನೇ ಸಲ ಬಂದು 'ಇನ್ನಾ ಬೇಕು' ಅನ್ಲಿ, ಅರ್ಧ ಆವಿಗಿ ನಿನಗ ಬಿಡ್ತೀನಿ. ಇಲ್ಲಾಂದ್ರ ಮುಚ್ಕೊಂಡು ಕೊಡ ಮಾಡು." ಆವಿಗೆ ಅಂದರೆ ನಾವು ಗಡಿಗೆ ಸುಡುವ ಗೂಡು. ಅದಿಲ್ಲದಿದ್ದರೆ ನನ್ನ ವಿದ್ಯೆ ಹಸಿಮಣ್ಣೇ.

ಪಕ್ಕದ ಮನೆಯ ಉಪಕಾರ

ನಮ್ಮವರು ಆವಿಗೆಗೆ ಬೆಂಕಿ ಕೊಟ್ಟರೆ ಅದು ತಾನಾಗಿ ಆರುವವರೆಗೆ ಮುಟ್ಟುವುದಿಲ್ಲ. ನನ್ನ ಬಟ್ಟಲು ಹಾಗಲ್ಲ. ಕೆಂಡದಂತೆ ನಿಗಿನಿಗಿ ಅನ್ನುವಾಗಲೇ ಇಕ್ಕಳದಲ್ಲಿ ಹಿಡಿದು ಆಚೆ ತೆಗೆದು ಗಾಳಿಗಿಡಬೇಕು, ಆಗಲೇ ಅದಕ್ಕೆ ಆ ಬಣ್ಣ. ಮೊದಲ ಸಲ ಹಾಗೆ ತೆಗೆದು, ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಹೆಮ್ಮೆಯಿಂದ ಮೈಮರೆತು ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿದವಳೇ "ಬೆಂಕಿ! ಬೆಂಕಿ!" ಅಂತ ಚೀರಿ, ಸೊಂಟದ ಮೇಲಿದ್ದ ಕೊಡದ ನೀರನ್ನು ಹಾಗೇ ಎರಚಿಬಿಟ್ಟಳು. ಬಟ್ಟಲುಗಳೆಲ್ಲ ಪಟಪಟ ಸಿಡಿದವು.

ನಾನು ಕೂಗಾಡಿದೆ. ಅಜ್ಜಿಗೆ ನನಗಿಂತ ಹೆಚ್ಚು ಸಿಟ್ಟು. "ಮನಿ ಉಳಿಸೀನಿ, ಮ್ಯಾಲೆ ನನಗಾ ಬೈತೀಯೇನೋ?" ಅಂದಳು. ಕೈಜಾರಿ ಕೆಳಗೆ ಉರುಳಿದ್ದ ಕೊಡವನ್ನು ಎತ್ತಿ ತಿರುಗಿಸಿ ತೋರಿಸಿದಳು. "ನೋಡು, ನಿಮ್ಮಪ್ಪ ಮಾಡಿದ್ದು. ಬಿದ್ರೂ ಏನಾಗಿಲ್ಲ. ಅವನ ಹತ್ರ ಸ್ವಲ್ಪ ಕಲ್ತುಕೋ."

ಸಂತೆಯ ಪರೀಕ್ಷೆ

ನಮ್ಮ ಸೀಮೆಯ ಹೆಂಗಸರು ಮಣ್ಣಿನ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿಯದೆ ಕೊಳ್ಳುವುದಿಲ್ಲ. ಠಣ್ ಅಂದರೆ ಗಟ್ಟಿ. ನನ್ನ ಬಟ್ಟಲು ಮೆತ್ತಗೆ ಬೆಂದದ್ದು, ಬಡಿದರೆ ದಬ್ ಅನ್ನುತ್ತದೆ. ಬೊಮ್ಮನಹಾಳ್ ಕಡೆಯ ಒಬ್ಬ ಹೆಂಗಸು ಬಡಿದಳು, ಇನ್ನೊಂದು ಬಡಿದಳು, ಅಂಗಡಿ ಪೂರ್ತಿ ಬಡಿದು ಮುಗಿಸಿದಳು.

"ಎಲ್ಲಾ ಸೀಳ್ಯಾವ್ರಿ."

"ಸೀಳಿಲ್ಲಮ್ಮಾ. ಅದರ ಸ್ವಭಾವಾನೇ ಹಂಗ. ಒಳಗ ಟೀ ಬಿಸಿ ಇದ್ರೂ ಹೊರಗ ಕೈ ಸುಡಂಗಿಲ್ಲ. ಜಪಾನಿನಾಗ ಇಂಥಾದ್ದಕ್ಕ ಜೀವ ಬಿಡ್ತಾರ."

"ಹೌದೇನ್ರಿ? ಮತ್ತ ಇಲ್ಲ್ಯಾಕ ತಂದೀರಿ? ಅಲ್ಲಿಗೇ ಕಳಸ್ರಿ."

ಇಷ್ಟಕ್ಕೆ ಮುಗಿಯಲಿಲ್ಲ. ಕೈಯಲ್ಲಿ ಒತ್ತಿ ಮಾಡಿದ್ದರಿಂದ ಬಟ್ಟಲಿನ ಅಂಚು ಸ್ವಲ್ಪ ಏರುಪೇರು. ಬೇಕೆಂದೇ ಹಾಗೆ ಮಾಡುವುದು, ಚೆಲುವೇ ಅದು! ಸಂತೆಯಲ್ಲಿ ಯಾವನೋ ಪುಣ್ಯಾತ್ಮ ಅದನ್ನು ನೋಡಿ ಮರುಕಪಟ್ಟಿರಬೇಕು. ಮರುದಿನ ಬೆಳಿಗ್ಗೆ ಬಡಗಿಯೊಬ್ಬ ಉಳಿ, ಬಾಚಿ ಹಿಡಿದು ಬಾಗಿಲಿಗೆ ಬಂದು ನಿಂತ: "ನಿಮ್ಮ ಚಕ್ರ ಸೊಟ್ಟ ತಿರಗತೈತಂತಲ್ರಿ?"

ಎತ್ತಿ ಕುಡಿಯುವವರು

ಟೀ ಅಂಗಡಿಯವನನ್ನು ಗೋಗರೆದು ಕೆಲವು ಬಟ್ಟಲು ಇಡಿಸಿದೆ. ಮೊದಲು ಬಂದವನು ಒಬ್ಬ ಬಟ್ಟೆ ವ್ಯಾಪಾರಿ, ಮಡಿವಂತ. ತುಟಿಗೆ ತಾಗಿಸುವ ಮಾತೇ ಇಲ್ಲ. ಬಟ್ಟಲನ್ನು ಹಣೆಗಿಂತ ಮೇಲೆತ್ತಿ ಬಾಯಿ ತೆರೆದ. ದಪ್ಪ ಅಂಚಿನ ಅಗಲ ಬಟ್ಟಲು, ಟೀ ಧಾರೆಯಾಗಿ ಇಳಿಯುತ್ತದೆಯೇ? ಮೀಸೆ, ಎದೆ, ಬಿಳೀ ಅಂಗಿ ಎಲ್ಲಾ ಟೀ ಕುಡಿದವು, ಅವನೊಬ್ಬನನ್ನು ಬಿಟ್ಟು. ನೆಟ್ಟಗೆ ನಮ್ಮ ಮನೆಗೇ ಬಂದ.

"ಇದಕ್ಕೊಂದು ಮೂತಿ ಇಡ್ರಿ," ಅಂದ. "ಇಲ್ಲಾಂದ್ರ ಬಟ್ಲದ ಜೊತಿ ಒಂದೊಂದು ಅಂಗೀನೂ ಕೊಡ್ರಿ."

ಮಡಕಶಿರಾದ ರಸಿಕ

ಯುಗಾದಿ ಹತ್ತಿರ ಬಂತು. ಅಪ್ಪ ನನ್ನ ಮುಂದೆ ಚಕ್ರ ಒರೆಸಿಡುವುದು ಹೆಚ್ಚಾಯಿತು. ಆಗ ಬಂದ ನೋಡಿ, ಮಡಕಶಿರಾ ಕಡೆಯಿಂದ ಕಡಲೆಕಾಯಿ ಬೆಳೆಯುವ ಗೌಡ. "ದೊಡ್ಡ ಮಗಳ ಮದ್ವೆ. ಬಂದೋರಿಗೆಲ್ಲ ಟೀ ಕೊಡ್ಲೇಬೇಕು ಅಂತ ಬೀಗರು ಕುಂತವ್ರೆ. ಈ ಬಟ್ಲು ಎಷ್ಟವೆ? ಅಷ್ಟೂ ಬೇಕು." ಬಡಿದು ನೋಡಲಿಲ್ಲ. ಸೊಟ್ಟ ಅನ್ನಲಿಲ್ಲ. ನಾನೇ ತಡೆಯಲಾರದೆ, ಹಿಡಿ ಇಲ್ಲವಲ್ಲ ಅಂದೆ. "ಕುಡಿಯಾಕೆ ಹಿಡಿ ಯಾಕಪ್ಪಾ?" ಅಂದ. ನನಗೆ ಕಣ್ಣು ತುಂಬಿ ಬಂತು. ಕಡೆಗೂ ಒಬ್ಬ ರಸಿಕ!

ರಾಗಿಹುಲ್ಲಿನಲ್ಲಿ ಸುತ್ತಿ ಗಾಡಿಯಲ್ಲಿ ನಾನೇ ಒಯ್ದೆ. ಮದುವೆಯ ಚಪ್ಪರದ ಕಂಬಕ್ಕೆ ಒರಗಿ ನೋಡುತ್ತ ನಿಂತೆ. ಜನ ಎರಡೂ ಕೈಯಲ್ಲಿ ಹಿಡಿದರು, ತುಟಿಗಿಟ್ಟರು, ನಿಧಾನಕ್ಕೆ ಹೀರಿದರು. ನಮ್ಮ ಮೇಷ್ಟರು ಇದನ್ನು ನೋಡಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ಟೀ ಮುಗಿಸಿದ ಒಬ್ಬ ಹಿರಿಯ ಎದ್ದು, ಚಪ್ಪರದ ಹಿಂದಿನ ಬಂಡೆಗೆ ಬಟ್ಟಲನ್ನು ಬೀಸಿ ಒಗೆದ. ಫಟ್!

"ಅಯ್ಯೋ, ಯಾಕ್ರೀ ಒಡೆದ್ರಿ?" ಅಂತ ಓಡಿದೆ.

"ಮಣ್ಣಿಂದಲ್ವಾ? ಎಂಜಲಾತಲ್ಲ!"

"ಇದಕ್ಕ ಮೆರುಗು ಹಾಕೀನ್ರಿ! ತೊಳೆದು ಇಟ್ಕೋಬೋದು!"

"ಥೂ! ಇನ್ನೊಬ್ಬನ ಎಂಜಲಾಗೆ ಕುಡಿಸಾಕೆ ಬಂದಿದೀಯೇನಯ್ಯಾ?"

ಮಣ್ಣಿನ ಕುಡಿಕೆಗೆ ಬಾಯಿ ತಾಗಿತೆಂದರೆ ಒಡೆದು ಬಿಸಾಡುವುದು ನಮ್ಮ ಕಡೆಯ ಪದ್ಧತಿ. ಗೊತ್ತಿಲ್ಲದ್ದೇನಲ್ಲ. ಆದರೆ ಜಪಾನಿನಲ್ಲಿ ತಲೆಮಾರುಗಟ್ಟಲೆ ಜೋಪಾನ ಮಾಡುವ ಬಟ್ಟಲಿಗೂ ಅದೇ ಗತಿಯೇ? ಫಟ್, ಫಟ್ ಅಂತ ಸಾಲುಸಾಲಾಗಿ ಬಿದ್ದವು. ಊಟಕ್ಕೂ ನಿಲ್ಲದೆ ಗಾಡಿ ಹತ್ತಿದೆ. ಅಪ್ಪನಿಗೆ ಏನೂ ಹೇಳಲಿಲ್ಲ.

ಯುಗಾದಿಗೆ ಇನ್ನೇನು ಎರಡು ದಿನ ಅನ್ನುವಾಗ ಅದೇ ಗೌಡ ಬಂದ. ಅಪ್ಪ ಬಾಗಿಲಲ್ಲೇ ಕೂತಿದ್ದ.

"ಎರಡನೇ ಮಗಳಿಗೂ ಗಂಡು ಗೊತ್ತಾತು. ಅವೇ ಬಟ್ಲು ಬೇಕು ಕಣಪ್ಪಾ. ಬೀಗರ ಊರಾಗೆಲ್ಲ ಅದೇ ಮಾತು."

ಅಪ್ಪ ನನ್ನ ಮುಖ ನೋಡಿದ, ಗೌಡನ ಮುಖ ನೋಡಿದ. "ಅಷ್ಟೇನು ಹಿಡಿಸಿತ್ರಿ ಗೌಡ್ರ?"

"ಏನ್ ಹೇಳ್ಲಿ! ನಮ್ಮೂರ ಕುಡಿಕೆ ಎಸೆದ್ರೆ ಪೆಚ್ಚಗೆ ಎರಡು ಹೋಳಾಗಿ ಬೀಳ್ತವೆ. ಇವು ಚೂರುಚೂರಾಗಿ ಮಿಣಮಿಣ ಹೊಳೀತಾ ಸಿಡೀತವೆ ಕಣ್ರಿ! ಇನ್ನೊಂದು ಎಸೆಯೋ ಆಸೆಗೆ ಜನ ಎರಡೆರಡು ಸಲ ಟೀ ಕುಡಿದ್ರು!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ಮಾತಿಗೆ ತಪ್ಪುವವನಲ್ಲ. ಎದ್ದು ಬಂದು ನನ್ನ ಬೆನ್ನು ತಟ್ಟಿದ.

"ಗೆದ್ದಿ ಬಿಡು. ಇವತ್ತಿಂದ ಅರ್ಧ ಆವಿಗಿ ನಿಂದು. ಆದ್ರ ಈ ಸಲ ಸ್ವಲ್ಪ ಹಗುರ ಮಾಡು, ವಯಸ್ಸಾದೋರಿಗೂ ಎಸ್ಯಾಕ ಬರ್ಲಿ."