ಗುರುಗ್ರಾಮದಲ್ಲಿ ಕುಂದಾಪುರದ ಮಳೆ

ಅಮ್ಮಣ್ಣಿ: ಒಂದು ಬಕೆಟ್ ಸಾಕು ಅಂದ್ರೆ ಸಾಕು! ನೀರು ಗುಂಡಿಗೆ ಹೋಗುವುದು ಸಾಹೇಬರಿಗೆ ಕಂಡ್ರೆ ಆಯ್ತು.

ಜಯಾನಂದ: ಬಕೆಟಿನಲ್ಲಿ ತೋರಿಸ್ಲಿಕ್ಕೆ ಅದೆಂತ ಮಳೆಯಾ, ಪಾಯಸವಾ? ನಾನು ಕುಂದಾಪುರದವ ಮಾರಾಯ್ತಿ!

ಅಮ್ಮಣ್ಣಿ: ಗೊತ್ತುಂಟು. ಆದ್ರೆ ನೀರು ಟ್ಯಾಂಕರಿನದ್ದು. ಅದಕ್ಕೆ ನಿಮ್ಮ ಕುಂದಾಪುರ ಗೊತ್ತಿಲ್ಲ!

ಜಯಾನಂದ ಹೆಗಲಿಗೆ ಪೈಪಿನ ಸುರುಳಿ ಏರಿಸಿಕೊಂಡು ತಮ್ಮ ಹೋಟೆಲಿನ ತಾರಸಿಗೆ ಏಣಿ ಹತ್ತಿಯೇಬಿಟ್ಟ. ಗುರುಗ್ರಾಮದ ಮೇ ತಿಂಗಳು. ಆಕಾಶದಲ್ಲಿ ಮೋಡದ ಹೆಸರಿಲ್ಲ. ಆದರೆ ಹೋಟೆಲಿನ ಪರವಾನಗಿ ಮುಂದುವರಿಯಬೇಕಾದರೆ, ತಾರಸಿಯ ಮಳೆನೀರು ಹಿಂದಿನ ಅಂಗಳದ ಇಂಗುಗುಂಡಿಗೆ ಇಳಿಯುವುದನ್ನು ಮಾಲಿನ್ಯ ತಪಾಸಣೆಯ ಅಧಿಕಾರಿ ಕಣ್ಣಾರೆ ಕಂಡು ಸಹಿ ಹಾಕಬೇಕು. ಮಳೆ ಬಾರದಿದ್ದರೆ ಏನಂತೆ, ನಾನೇ ತರಿಸುತ್ತೇನೆ ಎಂದು ಹೊರಟಿದ್ದ ಭೂಪ.

ಕೆಳಗೆ ಅಮ್ಮಣ್ಣಿಗೆ ಆ ಗುಂಡಿಯದೇ ಭಯ. ಪಾತ್ರೆ ತೊಳೆಯುವ ಸಿಂಕಿನ ಕೊಳವೆ ಕಟ್ಟಿಕೊಂಡು ಅಡುಗೆಮನೆ ಕೆರೆಯಾದಾಗ ಗಂಡನಿಗೆ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಕೊನೆಗೆ ತಾನೇ ಪ್ಲಂಬರ್ ಭಯ್ಯಾನನ್ನು ಕರೆಸಿ, ಆ ಎಂಜಲು ನೀರನ್ನೆಲ್ಲ ಇಂಗುಗುಂಡಿಗೆ ತಿರುಗಿಸಿಬಿಟ್ಟಿದ್ದಳು. ವರ್ಷವೆಲ್ಲ ಖಾಲಿ ಬಿದ್ದಿರುವ ಗುಂಡಿ, ಪಾಪ, ಅದಕ್ಕೂ ಒಂದು ಕೆಲಸವಾಗಲಿ ಎಂದುಕೊಂಡಿದ್ದಳು. ಹಾಗೆ ಮಾಡಿದರೆ ಅಡುಗೆಮನೆಗೆ ಬೀಗ ಬೀಳುತ್ತದೆ ಎಂಬುದು ಆಮೇಲೆ ತಿಳಿಯಿತು. ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ. ಒಂದು ಬಕೆಟ್ ನೀರನ್ನು ಗುಂಡಿ ಹೇಗೋ ನುಂಗಿಕೊಂಡೀತು. ಜಾಸ್ತಿಯಾದರೆ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುವುದು ಖಂಡಿತ.

ಅಧಿಕಾರಿ ಮಹಂತೇಶ್ ವಿಜಯಪುರದ ಕಡೆಯವರು. ಕನ್ನಡದವರೇ ಎಂದು ತಿಳಿದಾಗ ಅಮ್ಮಣ್ಣಿಗೆ ಅರ್ಧ ಜೀವ ಬಂದಿತ್ತು. ಅವರು ಗುಂಡಿಯ ಜಾಲರಿಯ ಪಕ್ಕ ನಿಂತು ಕತ್ತೆತ್ತಿದರು.

ಮಹಂತೇಶ್: ಹೂಂ, ಬಿಡ್ರಿ ಮಳಿ!

ತಾರಸಿಯ ಕೊಳವೆಯಿಂದ ಸಣ್ಣಗೆ ನೀರು ಇಳಿಯಿತು.

ಮಹಂತೇಶ್: ಅಬ್ಬಬ್ಬಾ, ಸಾಕ್ರೀ ಯಪ್ಪಾ! ನಮ್ಮ ಕಡೆ ಇಷ್ಟ್ ಬಂದ್ರ ಊರ ಮಂದಿಯೆಲ್ಲಾ ನೋಡಾಕ ಹೊರಗ ಬಂದು ನಿಲ್ತಾರ.

ಅಮ್ಮಣ್ಣಿ: ಕೇಳ್ತಾ? ಸಾಕಂತೆ! ಮಳೆಗಾಲ ಮುಗೀತು, ಇಳೀರಿ!

ಜಯಾನಂದ: (ಮೇಲಿನಿಂದ) ಇದು ಮಳೆಯಾ ಸರ್? ಇದಕ್ಕೆ ನಮ್ಮೂರಲ್ಲಿ ಇಬ್ಬನಿ ಅಂತಾರೆ!

ಮಹಂತೇಶ್: ಇಬ್ಬನಿ ಆದ್ರೂ ನಡೀತದ್ರೀ. ನೀರು ಗುಂಡಿಗೆ ಹೋತು, ನಾ ನೋಡಿದೆ. ಅಮ್ಮಾರ, ಒಂದು ಪೆನ್ ಕೊಡ್ರಿ.

ಅಮ್ಮಣ್ಣಿ ಗಲ್ಲಾಪೆಟ್ಟಿಗೆಗೆ ಓಡಿ, ಪೆನ್ನು ತಂದು, ಮುಚ್ಚಳವನ್ನೂ ತಾನೇ ತೆಗೆದು ಕೈಗಿಟ್ಟಳು.

ಜಯಾನಂದ: ನಿಲ್ಲಿ ಸರ್! ಇಷ್ಟಕ್ಕೇ ಸಹಿ ಹಾಕಿದ್ರೆ ನನ್ನ ಗುಂಡಿಗೆ ಅವಮಾನ!

ಅಮ್ಮಣ್ಣಿ: ಅದು ಗುಂಡಿ ಮಾರಾಯ್ರೆ, ಏನೂ ಅಂದ್ಕೊಳ್ಳುದಿಲ್ಲ!

ಜಯಾನಂದ: ಇಕೊಳ್ಳಿ ಜೂನ್!

ನೀರು ಧಪಧಪನೆ ಬಿತ್ತು. ಮಹಂತೇಶರ ಬೂಟು ನೆನೆಯಿತು.

ಮಹಂತೇಶ್: ನಿಮ್ಮ ಯಜಮಾನ್ರಿಗೆ ಏನಾಗ್ಯದ ಅಮ್ಮಾರ?

ಅಮ್ಮಣ್ಣಿ: ಊರು ಬಿಟ್ಟ ಮೇಲೆ ಸರಿಯಾದ ಮಳೆ ಕಂಡಿಲ್ಲ ಸರ್, ಅದೇ ಕೊರಗು. ನೀವು ಸಹಿ ಹಾಕಿ ಒಳಗೆ ಬನ್ನಿ, ಬಿಸಿ ದೋಸೆ ಕೊಡ್ತೇನೆ.

ಮಹಂತೇಶ್: ಲಂಚಾ ಏನ್ರೀ?

ಅಮ್ಮಣ್ಣಿ: ಅಯ್ಯೋ ಅಲ್ಲ ಸರ್, ಮಸಾಲೆ!

ಜಯಾನಂದ: ಬಂತು ನೋಡಿ ಜುಲೈ! ಶಾಲೆಗೆ ರಜೆ ಕೊಡುವ ಮಳೆ ಸರ್ ಇದು!

ತಾರಸಿಯ ಟ್ಯಾಂಕಿನ ವಾಲ್ವನ್ನು ಪೂರ್ತಿ ತಿರುವಿಬಿಟ್ಟಿದ್ದ. ಗುಂಡಿ ಮೊದಲು ಗುಳುಗುಳು ಎಂದಿತು, ಆಮೇಲೆ ದೊಡ್ಡದಾಗಿ ತೇಗಿತು, ಆಮೇಲೆ ಜಾಲರಿಯ ಮೇಲಕ್ಕೆ ಉಕ್ಕಿತು. ಅಮ್ಮಣ್ಣಿ ಮನಸ್ಸಿನಲ್ಲೇ ಮೂಕಾಂಬಿಕೆಗೆ ಹರಕೆ ಹೊತ್ತಳು. ಮೊದಲು ತೇಲಿ ಬಂದದ್ದು ಕರಿಬೇವು.

ಮಹಂತೇಶ್: ಇದೇನ್ರೀ?

ಅಮ್ಮಣ್ಣಿ: ಎಲೆ ಸರ್. ಗಾಳಿಗೆ ತಾರಸಿ ಮೇಲೆ ಬಿದ್ದಿರ್ಬೇಕು.

ಮಹಂತೇಶ್: ಎಲಿ ಇರಲಿ. ಇದು ನುಗ್ಗಿಕಾಯಿ ಅಲ್ರೀ?

ಅಮ್ಮಣ್ಣಿ ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದಲೇ ಉತ್ತರ ಬಂತು.

ಜಯಾನಂದ: (ಹೆಮ್ಮೆಯಿಂದ) ಕಂಡ್ರಾ ಸರ್? ನಮ್ಮೂರ ಮಳೆ ಅಂದ್ರೆ ಹಾಗೆ! ಮರ ಗಿಡ ಎಲ್ಲ ಕಿತ್ಕೊಂಡು ಬರ್ತದೆ!

ಮಹಂತೇಶ್: ಕಿತ್ಕೊಂಡ್ ಬರ್ಲಿ ಬಿಡ್ರಿ. ಕುದಿಸಿ, ಅಗದು, ಉಗಳಿ ಹೆಂಗ್ ಕಳಸ್ತದ ನಿಮ್ಮ ಮಳಿ?

ಅಷ್ಟರಲ್ಲಿ ಅರ್ಧ ಇಡ್ಲಿಯೂ ದರ್ಶನ ಕೊಟ್ಟಿತು. ಮಹಂತೇಶ್ ಮೂಗು ಮುಚ್ಚಿಕೊಂಡು, ಗೋಡೆಗುಂಟ ಬಂದ ಕೊಳವೆಯನ್ನು ಹಿಡಿದು ಅಡುಗೆಮನೆಯ ಸಿಂಕಿನವರೆಗೂ ಹೋಗಿ ಬಂದರು. ಪೆನ್ನಿನ ಮುಚ್ಚಳ ಹಾಕಿ ಅಮ್ಮಣ್ಣಿಗೆ ಹಿಂದಿರುಗಿಸಿದರು.

ಮಹಂತೇಶ್: ಸಿಂಕಿನ ಪೈಪ್ ಒಳಚರಂಡಿಗೆ ಸೇರಿಸ್ರಿ, ಗುಂಡಿ ತೊಳಸ್ರಿ, ಆಮ್ಯಾಲ ನನ್ನ ಕರೀರಿ. ಅಲ್ಲೀತನಕ ಅಡಿಗಿಮನಿ ಬಂದ್. ಯಜಮಾನ್ರ, ನಾ ಇಬ್ಬನಿಗೇ ಸಹಿ ಹಾಕಾಂವ ಇದ್ದೆ!

ಅಮ್ಮಣ್ಣಿಯ ಕಣ್ಣಲ್ಲಿ ನೀರಾಡಿತು. ಆದರೂ ಮನೆ ಬಾಗಿಲಿಗೆ ಬಂದವರನ್ನು ಹಸಿವಿನಲ್ಲೇ ಕಳಿಸಿ ಗೊತ್ತಿಲ್ಲದ ಹೆಂಗಸು.

ಅಮ್ಮಣ್ಣಿ: ಕಾವಲಿ ಇನ್ನೂ ಬಿಸಿ ಉಂಟು ಸರ್. ಒಂದು ದೋಸೆ?

ಮಹಂತೇಶ್: ರೊಕ್ಕಾ ಕೊಟ್ಟ ತಿಂತೀನಿ, ಬಂದ್ ಆಗೂದ್ಕಿಂತ ಮೊದ್ಲ ಹಾಕ್ರಿ. ಸಾಂಬಾರ್ ಮಾತ್ರ ಬ್ಯಾಡ, ಈಗಷ್ಟ ನೋಡೀನಿ.

ಅವರು ಒಳಗೆ ಹೋದರು. ತಾರಸಿಯ ಅಂಚಿನಿಂದ ಜಯಾನಂದನ ತಲೆ ಇಣುಕಿತು. ಕೈಯಲ್ಲಿದ್ದ ಪೈಪು ಇನ್ನೂ ಸುರಿಯುತ್ತಲೇ ಇತ್ತು.

ಜಯಾನಂದ: ಸಿಂಕಿನ ನೀರು ಅಲ್ಲಿಗೆ ಹೋಗ್ತದೆ ಅಂತ ಮೊದಲೇ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ?

ಅಮ್ಮಣ್ಣಿ: ನಿಮ್ಮ ಮಳೆ ಒಂದು ಗಳಿಗೆ ಬಿಡುವು ಕೊಟ್ಟಿದ್ರೆ ತಾನೆ ಹೇಳುವುದು!